ಸ್ಕ್ರ್ಯಾಚಿಂಗ್‌ಗಾಗಿ ಮನೆಯಲ್ಲೇ ಪುಟ್ಟ ಡಿಜೆ ಮಿಕ್ಸರ್ ಕಟ್ಟಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಸ್ಕ್ರ್ಯಾಚಿಂಗ್ ಮಾಡುವವರ ಒಂದು ಕೈ ರೆಕಾರ್ಡಿನ ಮೇಲಿದ್ದರೆ ಇನ್ನೊಂದು ಕೈ ಮಿಕ್ಸರ್‌ನ ಕ್ರಾಸ್‌ಫೇಡರ್, ಅಂದರೆ ಒಂದು ಚಾನೆಲ್‌ನಿಂದ ಇನ್ನೊಂದಕ್ಕೆ ಸದ್ದನ್ನು ಬದಲಿಸುವ ಜಾರುಗುಂಡಿಯ ಮೇಲಿರುತ್ತದೆ. ರೆಕಾರ್ಡನ್ನು ಹಿಂದೆ ಮುಂದೆ ಆಡಿಸಿದಾಗ ಹುಟ್ಟುವ ಸದ್ದನ್ನು ತುಂಡರಿಸಿ ತಾಳಕ್ಕೆ ಕೂರಿಸುವ ಕೆಲಸ ಈ ಎರಡನೆಯ ಕೈಯದು. 1970ರ ದಶಕದ ನಡುಭಾಗದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಗ್ರ್ಯಾಂಡ್ ವಿಜರ್ಡ್ ಥಿಯೋಡೋರ್ ಈ ಕಲೆಗೆ ನಾಂದಿ ಹಾಡಿದರೆಂಬ ಮಾತು ಎಲ್ಲೆಡೆ ಒಪ್ಪಿತವಾಗಿದೆ. ಅಂದಿನಿಂದ ಇಂದಿನವರೆಗೆ ಟರ್ನ್‌ಟೇಬಲ್‌ಗಿಂತ ಹೆಚ್ಚಾಗಿ ಬದಲಾಗಿರುವುದು ಮಿಕ್ಸರ್. ಚರ್ಪ್, ಟ್ರಾನ್ಸ್‌ಫಾರ್ಮರ್, ಫ್ಲೇರ್, ಕ್ರ್ಯಾಬ್ ಮುಂತಾದ ವರಸೆಗಳೆಲ್ಲ ಫೇಡರ್ ಎಷ್ಟು ಹಗುರವಾಗಿ ಜಾರುತ್ತದೆ, ಸದ್ದು ಎಷ್ಟು ಬೇಗ ತೆರೆದುಕೊಳ್ಳುತ್ತದೆ ಎಂಬುದನ್ನೇ ನೆಚ್ಚಿಕೊಂಡಿವೆ.

ಅಂಗಡಿಯಲ್ಲಿ ಸಿಗುವ ಅಗ್ಗದ ಮಿಕ್ಸರ್‌ಗಳು ಹೊಸಬರನ್ನು ನಿರಾಶೆಗೊಳಿಸುವುದು ಇದೇ ಕಾರಣಕ್ಕೆ. ಅವುಗಳಲ್ಲಿ ಬಹುಪಾಲಿನಲ್ಲಿ ಸಂಗೀತದ ಸಿಗ್ನಲ್ ನೇರವಾಗಿ ಫೇಡರ್‌ನ ಕಾರ್ಬನ್ ಪಟ್ಟಿಯ ಮೂಲಕವೇ ಹರಿಯುತ್ತದೆ. ಸ್ಕ್ರ್ಯಾಚಿಂಗ್‌ನ ಉಜ್ಜಾಟಕ್ಕೆ ಪಟ್ಟಿ ಸವೆದ ಹಾಗೆಲ್ಲ ಸ್ಪೀಕರ್‌ನಲ್ಲಿ ಕರಕರ ಸದ್ದು ಕೇಳತೊಡಗುತ್ತದೆ. ಆದ್ದರಿಂದ ಇಲ್ಲಿ ವಿವರಿಸುವ ಮಿಕ್ಸರ್‌ನಲ್ಲಿ ಒಂದು ನಿಯಮವನ್ನು ಬಿಡದೆ ಪಾಲಿಸಲಾಗಿದೆ: ಫೇಡರ್‌ನಲ್ಲಿ ಸಂಗೀತ ಹರಿಯಬಾರದು, ಕೇವಲ ಒಂದು ನಿಯಂತ್ರಣ ವೋಲ್ಟೇಜ್ ಹರಿಯಬೇಕು, ಸಂಗೀತವನ್ನು ಏರಿಸಿ ಇಳಿಸುವ ಕೆಲಸವನ್ನು ಆ ವೋಲ್ಟೇಜಿನ ಆಜ್ಞೆಯಂತೆ ಒಂದು ಐಸಿ ಮಾಡಬೇಕು. ಇಂಥ ಐಸಿಯನ್ನು ವಿಸಿಎ, ಅಂದರೆ ವೋಲ್ಟೇಜ್‌ನಿಂದ ನಿಯಂತ್ರಿಸಲ್ಪಡುವ ಆಂಪ್ಲಿಫೈಯರ್ ಎನ್ನುತ್ತಾರೆ. ರೆಸಿಸ್ಟರ್‌ನ ಬಣ್ಣದ ಪಟ್ಟೆಗಳನ್ನು ಓದಬಲ್ಲ, ಒಂದೆರಡು ಆಂಪ್ಲಿಫೈಯರ್ ಕಿಟ್‌ಗಳನ್ನಾದರೂ ಬೆಸುಗೆ ಹಾಕಿ ಕೂಡಿಸಿದ ಅನುಭವವಿರುವ ಓದುಗರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯಲಾಗಿದೆ.

ಏನನ್ನು ಕಟ್ಟುತ್ತಿದ್ದೇವೆ

ಮಿಕ್ಸರ್‌ಗೆ ಎರಡು ಸ್ಟೀರಿಯೋ ಚಾನೆಲ್‌ಗಳಿವೆ. ಮೊದಲನೆಯದು ಟರ್ನ್‌ಟೇಬಲ್‌ಗೆ, ಎರಡನೆಯದು ಫೋನ್ ಅಥವಾ ಲ್ಯಾಪ್‌ಟಾಪಿನಿಂದ ಬರುವ ಬೀಟ್‌ಗೆ. ಪ್ರತಿ ಚಾನೆಲ್‌ಗೂ ಒಂದು ವಾಲ್ಯೂಮ್, ನಡುವೆ ಕ್ರಾಸ್‌ಫೇಡರ್, ಫೇಡರ್‌ನ ದಿಕ್ಕನ್ನು ತಿರುಗಿಸುವ ಒಂದು ಸ್ವಿಚ್, ಕೊನೆಗೆ ಒಂದು ಮಾಸ್ಟರ್ ವಾಲ್ಯೂಮ್, ಹೆಡ್‌ಫೋನ್ ಸಾಕೆಟ್ ಮತ್ತು ಆರ್‌ಸಿಎ ಔಟ್‌ಪುಟ್. ಬಾಸ್, ಟ್ರೆಬಲ್ ನಿಯಂತ್ರಣಗಳಿಲ್ಲ. ಮುಂದಿನ ಹಾಡನ್ನು ಮೊದಲೇ ಹೆಡ್‌ಫೋನ್‌ನಲ್ಲಿ ಕೇಳಿಸಿಕೊಳ್ಳುವ ಕ್ಯೂ ಸೌಲಭ್ಯವೂ ಇಲ್ಲ. ಪಾರ್ಟಿಯಲ್ಲಿ ಹಾಡಿನಿಂದ ಹಾಡಿಗೆ ಜಾರುವವರಿಗೆ ಅವು ಬೇಕೇ ಬೇಕು, ಆದರೆ ಒಂದೇ ಬೀಟ್‌ನ ಮೇಲೆ ಗಂಟೆಗಟ್ಟಲೆ ಅಭ್ಯಾಸ ಮಾಡುವವರಿಗೆ ಅವು ಜಾಗವನ್ನು ತಿನ್ನುವ ಗುಂಡಿಗಳಷ್ಟೇ. ಅವನ್ನು ಬಿಟ್ಟದ್ದರಿಂದಲೇ ಇಡೀ ಮಿಕ್ಸರ್ ಸುಮಾರು 120 × 95 × 35 ಮಿ.ಮೀ. ಅಳತೆಯ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಕೂರುತ್ತದೆ ಮತ್ತು ಪವರ್‌ಬ್ಯಾಂಕಿನಿಂದ ನಡೆಯುತ್ತದೆ.

ಬೇಕಾಗುವ ಸಾಮಾನು

ಮುಖ್ಯವಾದದ್ದು 2164 ಎಂಬ ಐಸಿ. ಇದು ಎಸ್‌ಎಸ್‌ಎಂ2164, ವಿ2164, ಎಸ್‌ಎಸ್‌ಐ2164 ಎಂಬ ಹೆಸರುಗಳಲ್ಲಿ ಬೇರೆ ಬೇರೆ ತಯಾರಕರಿಂದ ಬಂದಿದೆ. ಒಂದೇ ಐಸಿಯೊಳಗೆ ನಾಲ್ಕು ವಿಸಿಎಗಳಿರುವುದರಿಂದ ಎರಡು ಚಾನೆಲ್‌ಗಳ ಎಡ ಬಲಗಳಿಗೆ ಸರಿಯಾಗಿ ಒಂದೇ ಐಸಿ ಸಾಕಾಗುತ್ತದೆ. ಅದರ ಜೊತೆಗೆ ಎರಡು ಎನ್‌ಇ5532 (ಒಂದು ಫೋನೋ ಹಂತಕ್ಕೆ, ಅಂದರೆ ಟರ್ನ್‌ಟೇಬಲ್‌ನ ಸಣ್ಣ ಸಿಗ್ನಲನ್ನು ಏರಿಸುವ ಭಾಗಕ್ಕೆ, ಇನ್ನೊಂದು ಹೆಡ್‌ಫೋನ್‌ಗೆ) ಮತ್ತು ಎರಡು ಟಿಎಲ್072 ಬೇಕು. ಈ ನಾಲ್ಕೂ ಆಪ್‌ಆಂಪ್‌ಗಳು, ಅಂದರೆ ಸಿಗ್ನಲನ್ನು ಏರಿಸುವ ಐಸಿಗಳು. ಎಲ್ಲಕ್ಕೂ ಐಸಿ ಸಾಕೆಟ್‌ಗಳನ್ನು ಹಾಕಿಕೊಳ್ಳಿ. ಹಂತ ಹಂತವಾಗಿ ಪರೀಕ್ಷಿಸಲು ಅದು ಅನಿವಾರ್ಯ.

ಫೇಡರ್ ಆಗಿ 45 ಮಿ.ಮೀ. ಜಾರುದೂರವುಳ್ಳ, ಎರಡು ಪಟ್ಟಿಗಳ, 10 ಕಿಲೋಓಮ್‌ನ ಲೀನಿಯರ್ ಸ್ಲೈಡ್ ಪಾಟ್ ಬೇಕು. ಅದರ ಮೇಲೆ ‘ಬಿ10ಕೆ’ ಎಂದು ಅಚ್ಚಾಗಿರುತ್ತದೆ. ‘ಎ’ ಅಕ್ಷರದಿಂದ ಶುರುವಾಗುವುದು ಲಾಗ್ ಪಾಟ್. ಅದು ಇಲ್ಲಿ ಬೇಡ. ಕೊಳ್ಳುವ ಮುನ್ನ ಒಂದೇ ಬೆರಳಿನಿಂದ ತಳ್ಳಿ ನೋಡಿ. ಬೆರಳು ತೆಗೆದ ಮೇಲೂ ಸ್ವಲ್ಪ ದೂರ ತಾನಾಗಿ ಜಾರಿದರೆ ಒಳ್ಳೆಯದು. ಗ್ರೀಸ್ ತುಂಬಿ ಬಿಗಿಯಾಗಿ ಚಲಿಸುವ ಫೇಡರ್‌ನಲ್ಲಿ ಕ್ರ್ಯಾಬ್‌ನಂತಹ ವರಸೆ ಸಾಧ್ಯವೇ ಇಲ್ಲ. ಡಿಜೆ ಮಿಕ್ಸರ್‌ಗಳಿಗೆಂದೇ ತಯಾರಾದ ಬಿಡಿ ಕ್ರಾಸ್‌ಫೇಡರ್ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದು ಸಾರ್ಥಕ. ಇಡೀ ಮಿಕ್ಸರ್‌ನಲ್ಲಿ ಹಣ ಉಳಿಸಬಾರದ ಒಂದೇ ಭಾಗ ಇದು.

ವಾಲ್ಯೂಮ್‌ಗಳಿಗೆ ಮೂರು ಡ್ಯುಯಲ್ 10 ಕಿಲೋಓಮ್ ಲಾಗ್ ಪಾಟ್‌ಗಳು, ಎರಡು 10 ಕಿಲೋಓಮ್ ಮಲ್ಟಿಟರ್ನ್ ಪ್ರೀಸೆಟ್‌ಗಳು (ಹೊಂದಾಣಿಕೆಗೆಂದು ಬೋರ್ಡಿನ ಮೇಲೆ ಕೂರುವ ಪುಟ್ಟ ಪಾಟ್‌ಗಳು), ಒಂದು ಡಿಪಿಡಿಟಿ (ಎರಡು ತಂತಿಗಳನ್ನು ಒಟ್ಟಿಗೆ ಬದಲಿಸುವ) ಟಾಗಲ್ ಸ್ವಿಚ್, ಆರ್‌ಸಿಎ ಸಾಕೆಟ್‌ಗಳು, ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳು, ಶೇಕಡಾ 5ರ ಫಿಲ್ಮ್ ಕೆಪಾಸಿಟರ್‌ಗಳು, 7809, 7909 ಮತ್ತು 78ಎಲ್05 ರೆಗ್ಯುಲೇಟರ್‌ಗಳು, ಹಾಗೂ 5 ವೋಲ್ಟ್‌ನಿಂದ ±12 ವೋಲ್ಟ್ ಕೊಡುವ 2 ವ್ಯಾಟ್‌ನ ಐಸೊಲೇಟೆಡ್ ಡಿಸಿ-ಡಿಸಿ ಮಾಡ್ಯೂಲ್ ಬೇಕು. ಬೆಂಗಳೂರಿನ ಸುತ್ತಮುತ್ತ ಇರುವವರಿಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಾಮಾನ್ಯ ಬಿಡಿಭಾಗಗಳು ಸಿಗುತ್ತವೆ. 2164 ಮತ್ತು ಫೇಡರನ್ನು ಮಾತ್ರ ನಂಬಿಕಸ್ಥ ಬಿಡಿಭಾಗ ವಿತರಕರಿಂದ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವುದು ಒಳಿತು.

ಮೊದಲ ಹಂತ: ವಿದ್ಯುತ್ ಪೂರೈಕೆ

ಆಪ್‌ಆಂಪ್‌ಗಳಿಗೆ ಧನ ಮತ್ತು ಋಣ ಎರಡೂ ವೋಲ್ಟೇಜ್‌ಗಳು ಬೇಕು. ಒಂದೇ ಅಡಾಪ್ಟರ್‌ನ ವೋಲ್ಟೇಜನ್ನು ಅರ್ಧಕ್ಕೆ ಸೀಳಿ ಕೃತಕ ಗ್ರೌಂಡ್ ಮಾಡುವ ದಾರಿಯೂ ಇದೆ, ಆದರೆ ಹೆಡ್‌ಫೋನ್‌ನ ಕರೆಂಟು ಆ ಗ್ರೌಂಡ್ ಮೂಲಕವೇ ಹರಿಯುವಾಗ ಅದು ಅಲುಗಾಡಿ ಫೋನೋ ಹಂತಕ್ಕೆ ಕಿರುಕುಳ ಕೊಡುತ್ತದೆ. ಐಸೊಲೇಟೆಡ್ ಮಾಡ್ಯೂಲ್‌ನಲ್ಲಿ ಈ ತೊಂದರೆ ಇಲ್ಲ. 2 ವ್ಯಾಟ್ ಎಂದರೆ ಪ್ರತಿ ಬದಿಗೂ ಸುಮಾರು 83 ಮಿಲಿಆಂಪಿಯರ್. ನಮ್ಮ ಐದು ಐಸಿಗಳು ಸುಮ್ಮನಿರುವಾಗ ಒಟ್ಟು 30 ಮಿಲಿಆಂಪಿಯರ್ ಆಸುಪಾಸಿನಲ್ಲಿ ಎಳೆಯುತ್ತವೆ.

ಮಾಡ್ಯೂಲ್‌ನ ಪ್ರತಿ ಔಟ್‌ಪುಟ್‌ಗೂ ಸರಣಿಯಲ್ಲಿ ಒಂದು 47 ಮೈಕ್ರೋಹೆನ್ರಿ ಇಂಡಕ್ಟರ್, ಅದರ ನಂತರ ಗ್ರೌಂಡ್‌ಗೆ 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಮಾಡ್ಯೂಲ್ ಒಳಗಿನ ಸ್ವಿಚಿಂಗ್ ಗದ್ದಲದ ಬಹುಪಾಲು ಇಲ್ಲಿಯೇ ಸಾಯುತ್ತದೆ. ಆಮೇಲೆ ಧನ ಬದಿಗೆ 7809, ಋಣ ಬದಿಗೆ 7909 ಹಾಕಿ ±9 ವೋಲ್ಟ್ ಪಡೆಯಬೇಕು. ಇವೆರಡರ ಕಾಲುಗಳ ಕ್ರಮ ಒಂದೇ ಅಲ್ಲ ಎಂಬುದನ್ನು ಮರೆಯಬೇಡಿ: ಅಕ್ಷರಗಳು ನಿಮ್ಮ ಕಡೆಗಿದ್ದಾಗ ಎಡದಿಂದ ಬಲಕ್ಕೆ 7809ರಲ್ಲಿ ಇನ್‌ಪುಟ್, ಗ್ರೌಂಡ್, ಔಟ್‌ಪುಟ್, 7909ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. 7909ರ ಲೋಹದ ಬೆನ್ನು ಇನ್‌ಪುಟ್‌ಗೆ ಸೇರಿಕೊಂಡಿರುವುದರಿಂದ ಅದು ಪೆಟ್ಟಿಗೆಗೆ ತಾಗಬಾರದು. +9 ವೋಲ್ಟ್‌ನಿಂದ 78ಎಲ್05 ಮೂಲಕ ಫೇಡರ್‌ಗಾಗಿ ಪ್ರತ್ಯೇಕ 5 ವೋಲ್ಟ್ ತೆಗೆಯಿರಿ. ಪವರ್‌ಬ್ಯಾಂಕಿನ 5 ವೋಲ್ಟನ್ನೇ ಫೇಡರ್‌ಗೆ ಕೊಟ್ಟರೆ ಐಸೊಲೇಶನ್‌ನ ಪ್ರಯೋಜನವೇ ಹೋಗುತ್ತದೆ.

ಟೈಪ್-ಸಿ ಸಾಕೆಟ್ ಬಳಸುವುದಾದರೆ ಅದರ ಎರಡು ಸಿಸಿ ಕಾಲುಗಳಿಗೂ ಬೇರೆ ಬೇರೆಯಾಗಿ 5.1 ಕಿಲೋಓಮ್ ರೆಸಿಸ್ಟರ್ ಹಾಕಿ ಸಾಕೆಟ್‌ನ ಗ್ರೌಂಡ್‌ಗೆ ಸೇರಿಸಿ. ಇಲ್ಲದಿದ್ದರೆ ಎರಡೂ ತುದಿಗಳಲ್ಲಿ ಟೈಪ್-ಸಿ ಇರುವ ಕೇಬಲ್‌ನಿಂದ ಕರೆಂಟೇ ಬರುವುದಿಲ್ಲ.

ಒಂದೂ ಐಸಿ ಹಾಕದೆ ಈ ಭಾಗಕ್ಕೆ ಕರೆಂಟು ಕೊಟ್ಟು ಸಾಕೆಟ್‌ಗಳ ಮೇಲೆಯೇ ಮಲ್ಟಿಮೀಟರ್ ಇಟ್ಟು ಅಳೆಯಿರಿ. +9, −9, +5 ಮೂರೂ ಬರುತ್ತಿವೆಯೆಂದು ಖಚಿತವಾಗುವ ತನಕ ಮುಂದೆ ಹೋಗಬಾರದು.

ಎರಡನೆಯ ಹಂತ: ಫೋನೋ ಪ್ರೀಆಂಪ್

ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಬರುವ ಸಿಗ್ನಲ್ ಸಾಮಾನ್ಯವಾಗಿ 5 ಮಿಲಿವೋಲ್ಟ್ ಆಸುಪಾಸಿನದು. ಸ್ಕ್ರ್ಯಾಚಿಂಗ್‌ಗೆಂದು ಮಾಡಿದ ಕಾರ್ಟ್ರಿಜ್‌ಗಳು ಇನ್ನೂ ಜೋರು. 2018ರಲ್ಲಿ ತಯಾರಿಕೆ ನಿಂತುಹೋದ, ಈ ಕಲೆಯವರಿಗೆ ಅಚ್ಚುಮೆಚ್ಚಾಗಿದ್ದ ಶೂರ್ ಎಂ44-7 ಸುಮಾರು 9.5 ಮಿಲಿವೋಲ್ಟ್ ಕೊಡುತ್ತಿತ್ತು. ರೆಕಾರ್ಡ್ ಕೊರೆಯುವಾಗ ಬಾಸನ್ನು ತಗ್ಗಿಸಿ ಟ್ರೆಬಲನ್ನು ಏರಿಸಿರುತ್ತಾರೆ. ನುಡಿಸುವಾಗ ಅದನ್ನು ತಿರುಗಿಸಿ ಸಮಮಾಡುವ ಆರ್‌ಐಎಎ ರೇಖೆಗೆ 3180, 318 ಮತ್ತು 75 ಮೈಕ್ರೋಸೆಕೆಂಡ್ ಎಂಬ ಮೂರು ಕಾಲಮಾನಗಳು ಗೊತ್ತಾಗಿವೆ.

ಇನ್‌ಪುಟ್‌ನಿಂದ ಗ್ರೌಂಡ್‌ಗೆ 47 ಕಿಲೋಓಮ್ ಮತ್ತು ಅದಕ್ಕೆ ಸಮಾಂತರವಾಗಿ 100 ಪಿಕೋಫ್ಯಾರಡ್ ಹಾಕಿ, ಸಿಗ್ನಲನ್ನು ಎನ್‌ಇ5532ರ ನಾನ್-ಇನ್ವರ್ಟಿಂಗ್ ಕಾಲಿಗೆ ಕೊಡಿ. ಇನ್ವರ್ಟಿಂಗ್ ಕಾಲಿನಿಂದ 390 ಓಮ್, ಅದರ ಸರಣಿಯಲ್ಲಿ 100 ಮೈಕ್ರೋಫ್ಯಾರಡ್, ಅಲ್ಲಿಂದ ಗ್ರೌಂಡ್. ಔಟ್‌ಪುಟ್‌ನಿಂದ ಇನ್ವರ್ಟಿಂಗ್ ಕಾಲಿಗೆ ಬರುವ ಹಿಮ್ಮಾಹಿತಿ (ಫೀಡ್‌ಬ್ಯಾಕ್) ದಾರಿಯಲ್ಲಿ ಎರಡು ಜೋಡಿಗಳು ಒಂದರ ಹಿಂದೆ ಒಂದು ಇರಬೇಕು. ಮೊದಲ ಜೋಡಿ 213 ಕಿಲೋಓಮ್‌ಗೆ (180 ಮತ್ತು 33 ಕಿಲೋಓಮ್ ಸರಣಿಯಲ್ಲಿ) ಸಮಾಂತರವಾಗಿ 15 ನ್ಯಾನೋಫ್ಯಾರಡ್. ಎರಡನೆಯ ಜೋಡಿ 18 ಕಿಲೋಓಮ್‌ಗೆ ಸಮಾಂತರವಾಗಿ 3.9 ನ್ಯಾನೋಫ್ಯಾರಡ್ ಮತ್ತು 270 ಪಿಕೋಫ್ಯಾರಡ್ ಎರಡೂ. ಗುಣಿಸಿ ನೋಡಿದರೆ ಮೊದಲ ಜೋಡಿಯಿಂದ 3195, ಎರಡನೆಯದರಿಂದ 75 ಮೈಕ್ರೋಸೆಕೆಂಡ್ ಬರುತ್ತದೆ; ಎರಡೂ ಜೋಡಿಗಳು ಸೇರಿ ನಡುವಿನ 318 ಮೈಕ್ರೋಸೆಕೆಂಡನ್ನು ತಾವಾಗಿಯೇ ಕೊಡುತ್ತವೆ. ಸುಲಭವಾಗಿ ಸಿಗುವ ಬೆಲೆಗಳಿಂದ ರೇಖೆಗೆ ಇಷ್ಟು ಹತ್ತಿರ ಬರುವುದೇ ಈ ಆಯ್ಕೆಯ ಹಿಂದಿನ ಕಾರಣ. ಎಡಕ್ಕೂ ಬಲಕ್ಕೂ ಇದೇ ಮಂಡಲವನ್ನು ಕಟ್ಟಬೇಕು.

1 ಕಿಲೋಹರ್ಟ್ಸ್‌ನಲ್ಲಿ ಈ ಹಂತ ಸಿಗ್ನಲನ್ನು ಸುಮಾರು 60 ಪಟ್ಟು ಏರಿಸುತ್ತದೆ. ಹೈಫೈ ಪ್ರೀಆಂಪ್‌ಗಳಲ್ಲಿ 100 ಪಟ್ಟು ಸಾಮಾನ್ಯ, ಆದರೆ ಇಲ್ಲಿ ಬೇಕೆಂದೇ ಕಡಿಮೆ ಇಡಲಾಗಿದೆ. 10 ಮಿಲಿವೋಲ್ಟ್‌ನ ಕಾರ್ಟ್ರಿಜ್‌ನಿಂದ 0.6 ವೋಲ್ಟ್ ದೊರೆಯುತ್ತದೆ, ±9 ವೋಲ್ಟ್ ಪೂರೈಕೆಯಲ್ಲಿ ಸುಮಾರು 18 ಡೆಸಿಬೆಲ್‌ಗಳ ಅವಕಾಶ ಮೇಲೆ ಉಳಿಯುತ್ತದೆ. ಕೈಯಿಂದ ರೆಕಾರ್ಡನ್ನು ಜೋರಾಗಿ ಎಳೆದಾಗ ಮುಳ್ಳು ಸಾಮಾನ್ಯ ವೇಗಕ್ಕಿಂತ ಹಲವು ಪಟ್ಟು ವೇಗದಲ್ಲಿ ಗೀರಿನ ಮೇಲೆ ಓಡುತ್ತದೆ ಮತ್ತು ಸಿಗ್ನಲ್ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಆ ಹೊತ್ತಿನಲ್ಲಿ ಸದ್ದು ಒಡೆಯದಿರಲು ಈ ಅವಕಾಶ ಬೇಕು.

ಮೂರನೆಯ ಹಂತ: ವಿಸಿಎ

ಫೋನೋ ಹಂತದ ಔಟ್‌ಪುಟ್ ಮೊದಲ ಚಾನೆಲ್‌ನ 10 ಕಿಲೋಓಮ್ ವಾಲ್ಯೂಮ್ ಪಾಟ್‌ಗೆ, ಫೋನಿನ ಸಿಗ್ನಲ್ ನೇರವಾಗಿ ಎರಡನೆಯ ಚಾನೆಲ್‌ನ ಪಾಟ್‌ಗೆ. ಪ್ರತಿ ಪಾಟ್‌ನ ನಡುಗಾಲಿನಿಂದ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, ಅದರ ಸರಣಿಯಲ್ಲಿ 33 ಕಿಲೋಓಮ್, ಅಲ್ಲಿಂದ 2164ರ ಇನ್‌ಪುಟ್. ಪ್ರತಿ ಇನ್‌ಪುಟ್ ಕಾಲಿನಿಂದ ಗ್ರೌಂಡ್‌ಗೆ 500 ಓಮ್ (ಅಂಗಡಿಯಲ್ಲಿ ಸಿಗುವ 470 ಓಮ್ ನಡೆಯುತ್ತದೆ) ಮತ್ತು 560 ಪಿಕೋಫ್ಯಾರಡ್ ಸರಣಿಯಲ್ಲಿರಬೇಕು; ಇದನ್ನು ಬಿಟ್ಟರೆ ಐಸಿ ಕೇಳಿಸದ ಆವರ್ತನದಲ್ಲಿ ತನ್ನಷ್ಟಕ್ಕೆ ಕಂಪಿಸತೊಡಗಬಹುದು.

ಆ 1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಉಳಿತಾಯಕ್ಕೆಂದು ಬಿಡುವ ಆಲೋಚನೆ ಹಲವರಿಗೆ ಬರುತ್ತದೆ. ವಿಸಿಎಯೊಳಗೆ ಕೆಲವೇ ಮಿಲಿವೋಲ್ಟ್ ಡಿಸಿ ನುಗ್ಗಿದರೂ ಫೇಡರ್ ಕತ್ತರಿಸಿದಾಗಲೆಲ್ಲ ಆ ಡಿಸಿಯೂ ಕತ್ತರಿಸಲ್ಪಟ್ಟು ಸ್ಪೀಕರ್‌ನಲ್ಲಿ ‘ಟಪ್’ ಎಂಬ ಸದ್ದಾಗುತ್ತದೆ. ನಿಮಿಷಕ್ಕೆ ನೂರಾರು ಬಾರಿ ಕತ್ತರಿಸುವ ವಾದ್ಯದಲ್ಲಿ ಅದನ್ನು ಸಹಿಸಲಾಗದು.

2164ರ ಔಟ್‌ಪುಟ್ ವೋಲ್ಟೇಜ್ ಅಲ್ಲ, ಕರೆಂಟು. ಇದರಿಂದ ಒಂದು ಅನುಕೂಲವಿದೆ: ಎರಡು ಚಾನೆಲ್‌ಗಳ ಎಡ ಔಟ್‌ಪುಟ್‌ಗಳನ್ನು ಸುಮ್ಮನೆ ಒಂದಕ್ಕೊಂದು ಜೋಡಿಸಿದರೆ ಮಿಶ್ರಣ ಅಲ್ಲಿಯೇ ಆಗಿಹೋಗುತ್ತದೆ. ಆ ಜಂಟಿಯನ್ನು ಟಿಎಲ್072ರ ಇನ್ವರ್ಟಿಂಗ್ ಕಾಲಿಗೆ ಕೊಟ್ಟು, ಔಟ್‌ಪುಟ್‌ನಿಂದ ಅದೇ ಕಾಲಿಗೆ 33 ಕಿಲೋಓಮ್ ಮತ್ತು ಸಮಾಂತರವಾಗಿ 100 ಪಿಕೋಫ್ಯಾರಡ್ ಹಾಕಿ. ನಾನ್-ಇನ್ವರ್ಟಿಂಗ್ ಕಾಲು ಗ್ರೌಂಡ್‌ಗೆ. ಬಲಕ್ಕೆ ಟಿಎಲ್072ರ ಉಳಿದರ್ಧ. 2164ರ 16ನೆಯ ಕಾಲು +9, 9ನೆಯದು −9, 8ನೆಯದು ಗ್ರೌಂಡ್. ಮೋಡ್ ಎಂಬ 1ನೆಯ ಕಾಲನ್ನು ಖಾಲಿ ಬಿಡಿ. ಉಳಿದ ಕಾಲುಗಳಿಗೆ ಡೇಟಾಶೀಟನ್ನು ಎದುರಿಗಿಟ್ಟುಕೊಂಡೇ ತಂತಿ ಹಾಕಿ. ಪ್ರತಿ ಐಸಿಯ ಪಕ್ಕದಲ್ಲೇ ಎರಡೂ ಪೂರೈಕೆಗಳಿಂದ ಗ್ರೌಂಡ್‌ಗೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇರಲಿ.

ನಾಲ್ಕನೆಯ ಹಂತ: ಫೇಡರ್‌ನ ಮೊದಲ ಮಿಲಿಮೀಟರ್

ಇಡೀ ಮಿಕ್ಸರ್‌ನ ಜೀವ ಇಲ್ಲಿದೆ. ಇದಕ್ಕೆ ಬೇಕಾದಷ್ಟು ಸಮಯ ಕೊಡಿ.

2164ರ ನಿಯಂತ್ರಣ ಕಾಲಿಗೆ 0 ವೋಲ್ಟ್ ಕೊಟ್ಟರೆ ಸಿಗ್ನಲ್ ಇದ್ದ ಹಾಗೆಯೇ ದಾಟುತ್ತದೆ. ಅಲ್ಲಿಂದ ಪ್ರತಿ 33 ಮಿಲಿವೋಲ್ಟ್ ಏರಿಕೆಗೆ 1 ಡೆಸಿಬೆಲ್‌ನಂತೆ ಸದ್ದು ಇಳಿಯುತ್ತದೆ; 3.3 ವೋಲ್ಟ್‌ಗೆ ಅದು 100 ಡೆಸಿಬೆಲ್ ಕೆಳಗಿಳಿದು ಪೂರ್ತಿ ಮುಚ್ಚಿದಂತೆಯೇ. ಸ್ಕ್ರ್ಯಾಚಿಂಗ್‌ಗೆ ನಿಧಾನವಾಗಿ ಕರಗುವ ರೇಖೆ ಬೇಡ. ಫೇಡರ್ ಒಂದು ತುದಿಯಲ್ಲಿ ನಿಂತಿರುವಾಗ ಎದುರು ಚಾನೆಲ್ ಪೂರ್ಣ ಮುಚ್ಚಿರಬೇಕು, ತುದಿಯಿಂದ ಒಂದೂವರೆ ಮಿಲಿಮೀಟರ್ ಸರಿಯುವಷ್ಟರಲ್ಲಿ ಅದು ಪೂರ್ಣ ತೆರೆದುಕೊಳ್ಳಬೇಕು, ಉಳಿದ ದೂರವೆಲ್ಲ ಎರಡೂ ಚಾನೆಲ್‌ಗಳು ತೆರೆದೇ ಇರಬೇಕು.

ಎರಡು ಪಟ್ಟಿಗಳ ಫೇಡರ್ ಕೇಳಿದ್ದು ಇದಕ್ಕಾಗಿ. ಒಂದು ಪಟ್ಟಿಯ ಬಲತುದಿಯನ್ನು ಗ್ರೌಂಡ್‌ಗೂ ಎಡತುದಿಯನ್ನು +5ಕ್ಕೂ ಸೇರಿಸಿ. ಇದು ಮೊದಲ ಚಾನೆಲ್‌ನದು. ಎರಡನೆಯ ಪಟ್ಟಿಯನ್ನು ತಿರುಗುಮುರುಗಾಗಿ, ಅಂದರೆ ಎಡತುದಿ ಗ್ರೌಂಡ್‌ಗೆ, ಬಲತುದಿ +5ಕ್ಕೆ ಸೇರಿಸಿ. ಹೀಗಾದರೆ ಯಾವ ಚಾನೆಲ್ ಮುಚ್ಚಬೇಕೋ ಅದರ ಪಟ್ಟಿಯ ನಡುಗಾಲಿನಲ್ಲಿ 0 ವೋಲ್ಟ್ ಇರುತ್ತದೆ, ಮತ್ತು ಎರಡೂ ಚಾನೆಲ್‌ಗಳಿಗೆ ಒಂದೇ ಬಗೆಯ ಮಂಡಲ ಸಾಕಾಗುತ್ತದೆ. ಎರಡು ನಡುಗಾಲುಗಳನ್ನು ಡಿಪಿಡಿಟಿ ಸ್ವಿಚ್ ಮೂಲಕ ಹಾಯಿಸಿ ಅದಲುಬದಲು ಮಾಡುವಂತೆ ಜೋಡಿಸಿದರೆ, ಹ್ಯಾಮ್‌ಸ್ಟರ್ ಎಂದು ಡಿಜೆಗಳು ಕರೆಯುವ ತಿರುವು ಸ್ವಿಚ್ ಸಿದ್ಧವಾಗುತ್ತದೆ.

ಸ್ವಿಚ್‌ನಿಂದ ಬಂದ ತಂತಿಗೆ 4.7 ಕಿಲೋಓಮ್, ಅದರ ಸರಣಿಯಲ್ಲಿ 5.6 ಕಿಲೋಓಮ್ ಹಾಕಿ ಎರಡನೆಯ ಟಿಎಲ್072ರ ಇನ್ವರ್ಟಿಂಗ್ ಕಾಲಿಗೆ ತನ್ನಿ. ಈ ಎರಡು ರೆಸಿಸ್ಟರ್‌ಗಳು ಕೂಡುವ ಜಾಗದಿಂದ ಗ್ರೌಂಡ್‌ಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್. ಔಟ್‌ಪುಟ್‌ನಿಂದ ಇನ್ವರ್ಟಿಂಗ್ ಕಾಲಿಗೆ 220 ಕಿಲೋಓಮ್. ನಾನ್-ಇನ್ವರ್ಟಿಂಗ್ ಕಾಲಿಗೆ ಪ್ರೀಸೆಟ್‌ನ ನಡುಗಾಲು. ಪ್ರೀಸೆಟ್‌ನ ಒಂದು ತುದಿ ಗ್ರೌಂಡ್‌ಗೆ, ಇನ್ನೊಂದು ತುದಿ 220 ಕಿಲೋಓಮ್ ಮೂಲಕ +5ಕ್ಕೆ. ಹೀಗೆ ಪ್ರೀಸೆಟ್‌ನಲ್ಲಿ 0ಯಿಂದ 0.21 ವೋಲ್ಟ್ ತನಕ ಹೊಂದಿಸಿಕೊಳ್ಳಬಹುದು. ಟಿಎಲ್072ರ ಔಟ್‌ಪುಟ್‌ನಿಂದ ಒಂದು 1ಎನ್4148 ಡಯೋಡ್, ಅದರ ಪಟ್ಟೆಯಿರುವ ತುದಿ 2164ರ ಕಡೆಗೆ. ಅಲ್ಲಿ ಆ ಚಾನೆಲ್‌ನ ಎಡ ಬಲ ಎರಡೂ ನಿಯಂತ್ರಣ ಕಾಲುಗಳು ಸೇರಲಿ, ಮತ್ತು ಅಲ್ಲಿಂದ ಗ್ರೌಂಡ್‌ಗೆ 4.7 ಕಿಲೋಓಮ್ ಇರಲಿ.

ಇದು ಕೆಲಸ ಮಾಡುವ ಬಗೆಯನ್ನು ಲೆಕ್ಕದೊಂದಿಗೆ ನೋಡೋಣ. ಪ್ರೀಸೆಟ್ 0.18 ವೋಲ್ಟ್‌ನಲ್ಲಿದೆ, ಫೇಡರ್ ಮುಚ್ಚಿದ ತುದಿಯಲ್ಲಿದೆ ಎಂದುಕೊಂಡರೆ ಆಪ್‌ಆಂಪ್‌ನ ಔಟ್‌ಪುಟ್ ಸುಮಾರು 4 ವೋಲ್ಟ್. ಡಯೋಡ್‌ನಲ್ಲಿ 0.6 ವೋಲ್ಟ್ ಕಳೆದು 3.4 ವೋಲ್ಟ್ ನಿಯಂತ್ರಣ ಕಾಲನ್ನು ತಲುಪುತ್ತದೆ. ಚಾನೆಲ್ ಪೂರ್ಣ ಮುಚ್ಚಿದೆ. ಫೇಡರ್ ಸರಿದಂತೆ ಅದರ ವೋಲ್ಟೇಜ್ 21 ಪಟ್ಟು ಹಿಗ್ಗಿ ಔಟ್‌ಪುಟ್ಟನ್ನು ಕೆಳಗೆಳೆಯುತ್ತದೆ. 45 ಮಿ.ಮೀ.ಗೆ 5 ವೋಲ್ಟ್ ಎಂದರೆ ಮಿಲಿಮೀಟರ್‌ಗೆ 0.11 ವೋಲ್ಟ್. ಮೊದಲ 0.6 ಮಿ.ಮೀ.ನಲ್ಲಿ ಸದ್ದು 60 ಡೆಸಿಬೆಲ್ ಕೆಳಗಿನ ಮಟ್ಟಕ್ಕಷ್ಟೇ ಬಂದಿರುವುದರಿಂದ ಕಿವಿಗೆ ಏನೂ ತಿಳಿಯುವುದಿಲ್ಲ; ಅಲ್ಲಿಂದ 1.4 ಮಿ.ಮೀ. ತಲುಪುವಷ್ಟರಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ. ಅಂದರೆ ಬೆರಳಿನ ಅನುಭವಕ್ಕೆ ಬರುವ ಕತ್ತರಿಕೆಯೆಲ್ಲ ಒಂದು ಮಿಲಿಮೀಟರ್‌ಗೂ ಕಡಿಮೆ ಜಾಗದಲ್ಲಿ ನಡೆದುಹೋಗುತ್ತದೆ. ಆ ಬಳಿಕ ಆಪ್‌ಆಂಪ್‌ನ ಔಟ್‌ಪುಟ್ ಋಣ ಬದಿಗೆ ಇಳಿದರೂ ಡಯೋಡ್ ಅದನ್ನು ತಡೆಯುವುದರಿಂದ ನಿಯಂತ್ರಣ ಕಾಲು 0ಯಲ್ಲೇ ನಿಲ್ಲುತ್ತದೆ. ಡಯೋಡ್ ಇಲ್ಲದಿದ್ದರೆ ಋಣ ವೋಲ್ಟೇಜ್‌ಗೆ 2164 ಸದ್ದನ್ನು ಇದ್ದದ್ದಕ್ಕಿಂತ ಏರಿಸಿಬಿಡುತ್ತದೆ. ಹೆಡ್‌ಫೋನ್ ಹಾಕಿಕೊಂಡವರಿಗೆ ಅದು ಅಪಾಯಕಾರಿ.

ನಡುವಿನ 100 ನ್ಯಾನೋಫ್ಯಾರಡ್ ಎರಡು ಕೆಲಸ ಮಾಡುತ್ತದೆ. ವೋಲ್ಟೇಜ್ ಬದಲಾವಣೆಗೆ ಸುಮಾರು ಕಾಲು ಮಿಲಿಸೆಕೆಂಡಿನ ಮೃದುತನ ತರುವುದರಿಂದ ಕತ್ತರಿಕೆಯ ಅಂಚಿನಲ್ಲಿ ‘ಚಿಟ್’ ಎನ್ನುವ ಕೃತಕ ಸದ್ದು ತಗ್ಗುತ್ತದೆ. ಇಷ್ಟು ಅಲ್ಪ ವಿಳಂಬವನ್ನು ಯಾವ ಕೈಯೂ ಗುರುತಿಸಲಾರದು. ಎರಡನೆಯದಾಗಿ, ಫೇಡರ್‌ನೊಳಗಿನ ಲೋಹದ ಬೆರಳು ಪಟ್ಟಿಯ ಮೇಲಿನಿಂದ ಒಂದು ಕ್ಷಣ ಪುಟಿದರೂ ಹಿಂದಿನ ವೋಲ್ಟೇಜನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಸವೆದ ಫೇಡರ್ ಕೂಡ ಈ ಮಿಕ್ಸರ್‌ನಲ್ಲಿ ಬಹುಕಾಲ ಸದ್ದಿಲ್ಲದೆ ನಡೆಯುವುದಕ್ಕೆ ಇದು ಕಾರಣ.

ಮೈಕ್ರೋಕಂಟ್ರೋಲರ್ ಹಾಕಿ ಫೇಡರನ್ನು ಓದಿ, ರೇಖೆಯನ್ನು ಪ್ರೋಗ್ರಾಂನಲ್ಲಿ ರೂಪಿಸುವುದು ಸಾಧ್ಯವಿಲ್ಲವೆಂದಲ್ಲ. ಆದರೆ ಮಿಲಿವೋಲ್ಟ್‌ಗಳ ಫೋನೋ ಸಿಗ್ನಲ್ ಪಕ್ಕದಲ್ಲಿ ಡಿಜಿಟಲ್ ಗಡಿಯಾರದ ಗದ್ದಲವನ್ನು ತಂದಿಡಲು ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಸಕಾರಣ ಕಾಣುವುದಿಲ್ಲ. ಎರಡು ಆಪ್‌ಆಂಪ್‌ಗಳು ಅದೇ ಕೆಲಸವನ್ನು ನಿಶ್ಶಬ್ದವಾಗಿ ಮಾಡುತ್ತವೆ.

ಐದನೆಯ ಹಂತ: ಔಟ್‌ಪುಟ್

ಮಿಶ್ರಣವಾದ ಸಿಗ್ನಲ್ ಮಾಸ್ಟರ್ ಪಾಟ್‌ಗೆ ಹೋಗಿ, ಅದರ ನಡುಗಾಲಿನಿಂದ 100 ಓಮ್ ಮೂಲಕ ಆರ್‌ಸಿಎ ಔಟ್‌ಪುಟ್‌ಗೆ ಬರುತ್ತದೆ. ಅದೇ ನಡುಗಾಲಿನಿಂದ ಎರಡನೆಯ ಎನ್‌ಇ5532ರ ನಾನ್-ಇನ್ವರ್ಟಿಂಗ್ ಕಾಲಿಗೆ ಇನ್ನೊಂದು ತಂತಿ. 10 ಕಿಲೋಓಮ್ ಮತ್ತು 4.7 ಕಿಲೋಓಮ್‌ಗಳಿಂದ ಸುಮಾರು ಮೂರು ಪಟ್ಟು ಏರಿಕೆ. ಔಟ್‌ಪುಟ್‌ನಿಂದ 47 ಓಮ್ ಮೂಲಕ 3.5 ಮಿ.ಮೀ. ಹೆಡ್‌ಫೋನ್ ಸಾಕೆಟ್. ಎನ್‌ಇ5532 ದೊಡ್ಡ ಕರೆಂಟ್ ಕೊಡುವ ಐಸಿಯಲ್ಲ. 32 ಓಮ್‌ನ ಹೆಡ್‌ಫೋನ್‌ನಲ್ಲಿ ಇನ್ನಷ್ಟು ಗಟ್ಟಿ ಸದ್ದು ಬೇಕಿದ್ದರೆ ಅದೇ ಕಾಲುಗಳ ಕ್ರಮವಿರುವ ಎನ್‌ಜೆಎಂ4556 ಹಾಕಬಹುದು.

ಪೆಟ್ಟಿಗೆ ಮತ್ತು ತಂತಿಗಳು

ಫೇಡರ್ ಜಾಗ ಮೊದಲು ಗೊತ್ತಾಗಲಿ, ಉಳಿದದ್ದೆಲ್ಲ ಆಮೇಲೆ. ಅದು ನಿಮ್ಮ ಕಡೆಯ ಅಂಚಿನಿಂದ 25 ಮಿ.ಮೀ. ಆಸುಪಾಸಿನಲ್ಲಿರಲಿ, ಅಂಗೈಯ ಬುಡ ಪೆಟ್ಟಿಗೆಯ ಹೊರಗೆ ಮೇಜಿನ ಮೇಲೆ ಒರಗುವಂತಿರಬೇಕು. ಫೇಡರ್‌ನ ಎರಡು ಪಕ್ಕಗಳಲ್ಲಿ ಯಾವ ಗುಂಡಿಯೂ ಬೇಡ, ವಾಲ್ಯೂಮ್‌ಗಳು ಮೂರೂ ದೂರದ ಅಂಚಿನಲ್ಲಿ ಸಾಲಾಗಿರಲಿ. ತಿರುವು ಸ್ವಿಚ್ಚನ್ನು ಮುಂಭಾಗದ ಗೋಡೆಯ ಮೇಲೆ ಕೂರಿಸಿದರೆ ಆಟದ ನಡುವೆ ಕೈತಾಗಿ ಬದಲಾಗುವುದಿಲ್ಲ.

ಸೀಳು ಕೊರೆಯಲು ಮುಚ್ಚಳದ ಮೇಲೆ ಕಾಗದದ ಟೇಪ್ ಅಂಟಿಸಿ, ಫೇಡರ್‌ನ ಕಡ್ಡಿಯ ಅಗಲಕ್ಕಿಂತ ಒಂದು ಮಿಲಿಮೀಟರ್ ಹೆಚ್ಚಿನ ಅಗಲದಲ್ಲಿ, 50 ಮಿ.ಮೀ. ಉದ್ದಕ್ಕೆ ಎರಡು ಗೆರೆ ಎಳೆಯಿರಿ. ನಡುವೆ ಸಾಲಾಗಿ ತೂತು ಕೊರೆದು, ಚಪ್ಪಟೆ ಅರದಿಂದ ಅವನ್ನು ಕೂಡಿಸಿ. ಕಡ್ಡಿ ಎಲ್ಲಿಯೂ ಲೋಹಕ್ಕೆ ಉಜ್ಜಬಾರದು, ತುದಿಗಳಲ್ಲಿ ಪೆಟ್ಟಿಗೆಗೆ ಬಡಿಯಲೂಬಾರದು. ತುದಿಯಲ್ಲಿ ಫೇಡರ್ ತನ್ನದೇ ಮಿತಿಗೆ ತಾಗಿ ನಿಲ್ಲದಿದ್ದರೆ 0 ವೋಲ್ಟ್ ತಲುಪದೆ ಚಾನೆಲ್ ಪೂರ್ಣ ಮುಚ್ಚುವುದೇ ಇಲ್ಲ. ಅರದ ಪುಡಿಯನ್ನು ಪೂರ್ತಿ ಒರೆಸಿದ ಮೇಲೆಯೇ ಬೋರ್ಡನ್ನು ಒಳಗಿಡಿ. ಫೇಡರ್‌ನ ತಂತಿಗಳಿಗೆ ಬೋರ್ಡಿನ ಕಡೆ ಬಿಚ್ಚಬಹುದಾದ ಕನೆಕ್ಟರ್ ಹಾಕಿಕೊಳ್ಳಿ.

ಫೋನೋ ಸಾಕೆಟ್‌ಗಳು ಮತ್ತು ಮೊದಲ ಎನ್‌ಇ5532 ಒಂದು ಮೂಲೆಯಲ್ಲಿ, ಡಿಸಿ-ಡಿಸಿ ಮಾಡ್ಯೂಲ್ ಕರ್ಣದ ಎದುರು ಮೂಲೆಯಲ್ಲಿ ಇರಲಿ. ಆರ್‌ಸಿಎ ಸಾಕೆಟ್‌ಗಳು ಪೆಟ್ಟಿಗೆಯ ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ ವಾಷರ್ ಇರುವಂಥವನ್ನೇ ಆರಿಸಿ. ಎಲ್ಲ ಗ್ರೌಂಡ್ ತಂತಿಗಳನ್ನು ಬೋರ್ಡಿನ ಒಂದೇ ಬಿಂದುವಿಗೆ ತಂದು, ಅಲ್ಲಿಂದ ಫೋನೋ ಸಾಕೆಟ್‌ಗಳ ಬಳಿ ಒಂದೇ ಕಡೆ ಪೆಟ್ಟಿಗೆಗೆ ಸೇರಿಸಿ. ಟರ್ನ್‌ಟೇಬಲ್‌ನ ಗ್ರೌಂಡ್ ತಂತಿಗೆ ಅದೇ ಜಾಗದಲ್ಲಿ ಒಂದು ಸ್ಕ್ರೂ ಟರ್ಮಿನಲ್ ಬೇಕು. ‘ಗುಂಯ್’ ಎಂಬ ಹಮ್ ಬಂದರೆ ಹತ್ತರಲ್ಲಿ ಒಂಬತ್ತು ಪಾಲು ಕಾರಣ ಈ ತಂತಿ ಸಡಿಲವಾಗಿರುವುದು, ಇಲ್ಲವೇ ಗ್ರೌಂಡ್ ಎರಡು ಕಡೆ ಪೆಟ್ಟಿಗೆಗೆ ತಾಗಿರುವುದು.

ಪರೀಕ್ಷೆ ಮತ್ತು ಹೊಂದಾಣಿಕೆ

ಮೊದಲು ನಿಯಂತ್ರಣದ ಟಿಎಲ್072ವನ್ನು ಮಾತ್ರ ಸಾಕೆಟ್‌ಗೆ ಹಾಕಿ, ಎರಡೂ ಪ್ರೀಸೆಟ್‌ಗಳ ನಡುಗಾಲಿನಲ್ಲಿ 0.18 ವೋಲ್ಟ್ ಬರುವಂತೆ ತಿರುಗಿಸಿ. 2164ರ ಖಾಲಿ ಸಾಕೆಟ್‌ನ ನಿಯಂತ್ರಣ ಕಾಲುಗಳಲ್ಲಿ ಅಳೆದರೆ ಒಂದು ತುದಿಯಲ್ಲಿ ಸುಮಾರು 3.4 ವೋಲ್ಟ್, ಉಳಿದೆಡೆ 0 ಕಾಣಬೇಕು. ಋಣ ವೋಲ್ಟೇಜ್ ಕಂಡರೆ ಡಯೋಡ್ ತಿರುಗುಮುರುಗಾಗಿದೆ. ಇದು ಸರಿಯಾದ ಮೇಲೆ ಕರೆಂಟ್ ತೆಗೆದು 2164 ಮತ್ತು ಮಿಶ್ರಣದ ಟಿಎಲ್072 ಹಾಕಿ, ಎರಡನೆಯ ಚಾನೆಲ್‌ಗೆ ಫೋನಿನಿಂದ ಹಾಡು ಕೊಟ್ಟು ಆರ್‌ಸಿಎ ಔಟ್‌ಪುಟ್‌ನಲ್ಲಿ ಕಡಿಮೆ ವಾಲ್ಯೂಮ್‌ನಲ್ಲಿ ಕೇಳಿ. ಹೆಡ್‌ಫೋನ್ ಐಸಿಯನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಅದರ ಔಟ್‌ಪುಟ್‌ನಲ್ಲಿ ಡಿಸಿ ಇಲ್ಲವೆಂದು ಅಳೆದು ನೋಡಿದ ಮೇಲೆಯೇ ಹೆಡ್‌ಫೋನ್ ಸಿಕ್ಕಿಸಿ.

ಫೋನೋ ಹಂತವನ್ನು ಪರೀಕ್ಷಿಸಲು ಫೋನಿನ ಟೋನ್ ಜನರೇಟರ್ ಆ್ಯಪ್ ಸಾಕು. ಅದರ ಸಿಗ್ನಲನ್ನು 100 ಕಿಲೋಓಮ್ ಮತ್ತು 1 ಕಿಲೋಓಮ್‌ಗಳಿಂದ ನೂರರಲ್ಲಿ ಒಂದು ಪಾಲಿಗೆ ಇಳಿಸಿ ಫೋನೋ ಇನ್‌ಪುಟ್‌ಗೆ ಕೊಡಿ. 1 ಕಿಲೋಹರ್ಟ್ಸ್‌ನಲ್ಲಿ ಬಂದ ಔಟ್‌ಪುಟ್ಟನ್ನು 1 ಎಂದು ಹಿಡಿದರೆ 100 ಹರ್ಟ್ಸ್‌ನಲ್ಲಿ ಸುಮಾರು 4.5, 50 ಹರ್ಟ್ಸ್‌ನಲ್ಲಿ 7, 10 ಕಿಲೋಹರ್ಟ್ಸ್‌ನಲ್ಲಿ 0.2 ಬರಬೇಕು. ಅಗ್ಗದ ಮಲ್ಟಿಮೀಟರ್‌ಗಳು 10 ಕಿಲೋಹರ್ಟ್ಸನ್ನು ಸರಿಯಾಗಿ ಅಳೆಯುವುದಿಲ್ಲವಾದ್ದರಿಂದ ಆ ಅಳತೆಗೆ ಕಂಪ್ಯೂಟರ್‌ನ ಆಡಿಯೋ ಇನ್‌ಪುಟ್ ಮತ್ತು ರೆಕಾರ್ಡಿಂಗ್ ತಂತ್ರಾಂಶ ಬಳಸಿ. ಎಡ ಬಲಗಳ ನಡುವೆ ವ್ಯತ್ಯಾಸ ಎದ್ದು ಕಂಡರೆ ಹಿಮ್ಮಾಹಿತಿ ದಾರಿಯ ಕೆಪಾಸಿಟರ್‌ಗಳಲ್ಲಿ ಒಂದು ತಪ್ಪು ಬೆಲೆಯದಾಗಿರುತ್ತದೆ.

ಕೊನೆಯ ಹೊಂದಾಣಿಕೆಯನ್ನು ಮೀಟರ್‌ಗಿಂತ ಕೈ ಚೆನ್ನಾಗಿ ಮಾಡುತ್ತದೆ. ಟರ್ನ್‌ಟೇಬಲ್ ಜೋಡಿಸಿ, ಫೇಡರ್ ಮುಚ್ಚಿದ ತುದಿಯಿಂದ ಟ್ರಾನ್ಸ್‌ಫಾರ್ಮರ್ ವರಸೆಯನ್ನು ನಿಧಾನ ತಾಳದಲ್ಲಿ ನುಡಿಸುತ್ತ, ಆ ಚಾನೆಲ್‌ನ ಪ್ರೀಸೆಟ್ಟನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬನ್ನಿ. 0.14 ವೋಲ್ಟ್‌ಗೆ ಇಳಿಸಿದರೆ ಚಾನೆಲ್ ಸುಮಾರು ಒಂದು ಮಿಲಿಮೀಟರ್‌ನಲ್ಲೇ ಪೂರ್ತಿ ತೆರೆದುಕೊಳ್ಳುತ್ತದೆ, ಮುಚ್ಚಿದಾಗಿನ ಇಳಿಕೆ 77 ಡೆಸಿಬೆಲ್‌ನಷ್ಟಿರುತ್ತದೆ. ಕೋಣೆಯಲ್ಲಿ ಅಭ್ಯಾಸಕ್ಕೆ ಅದು ಧಾರಾಳ. ಅದಕ್ಕಿಂತ ಕೆಳಗೆ ಹೋದರೆ ಮುಚ್ಚಿದ ಚಾನೆಲ್‌ನಿಂದ ಸದ್ದು ಸೋರತೊಡಗುತ್ತದೆ. ಹೊಸದಾಗಿ ಕಲಿಯುವವರಿಗೆ 0.18 ವೋಲ್ಟ್ ಹಿತವೆನಿಸುತ್ತದೆ, ಏಕೆಂದರೆ ತೀರ ಚುರುಕಾದ ಫೇಡರ್‌ನಲ್ಲಿ ತುದಿಗೆ ಬಡಿದು ಹಿಂದಕ್ಕೆ ಪುಟಿದ ಫೇಡರ್ ಬೇಡದ ಸದ್ದನ್ನು ತೆರೆದುಬಿಡುತ್ತದೆ. ಎಡಗೈ ಬಲಗೈಗಳಲ್ಲಿ ಯಾವುದರಿಂದ ಫೇಡರ್ ಆಡಿಸುತ್ತೀರಿ ಎಂಬುದರ ಮೇಲೆ ಎರಡು ಬದಿಗಳ ಹೊಂದಾಣಿಕೆ ಬೇರೆ ಬೇರೆಯಾಗಿಯೂ ಇರಬಹುದು.

ಫೇಡರ್ ಭಾರವಾಯಿತೆನಿಸಿದಾಗ ಅದನ್ನು ಬಿಚ್ಚಿ, ಜಾರುವ ಸಲಾಕೆಗಳನ್ನು ಬಟ್ಟೆಯಿಂದ ಒರೆಸಿ, ಫೇಡರ್‌ಗೆಂದೇ ಸಿಗುವ ತೆಳು ಲೂಬ್ರಿಕೆಂಟನ್ನು ಒಂದು ಹನಿ ಮಾತ್ರ ಹಾಕಿ. ಮನೆಯಲ್ಲಿರುವ ಹೊಲಿಗೆ ಯಂತ್ರದ ಎಣ್ಣೆ ಬೇಡ. ಅದು ಕಾರ್ಬನ್ ಪಟ್ಟಿಯ ಮೇಲೆ ಹರಡಿ ಧೂಳನ್ನು ಹಿಡಿಯುತ್ತದೆ. ಫೇಡರನ್ನೇ ಬದಲಿಸಿದರೆ ಹೊಸದರ ತುದಿಯ ರೆಸಿಸ್ಟನ್ಸ್ ಹಳೆಯದರಂತೆಯೇ ಇರುವುದಿಲ್ಲವಾದ್ದರಿಂದ ಎರಡೂ ಪ್ರೀಸೆಟ್‌ಗಳನ್ನು ಮತ್ತೆ 0.18 ವೋಲ್ಟ್‌ನಿಂದ ಶುರುಮಾಡಿ ಹೊಂದಿಸಿಕೊಳ್ಳಬೇಕು.